ನಂಬರ್ ಪ್ಲೇಟಿನ ನೆನಪಿಗೂ ಮಿತಿ ಬೇಕು

ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಹೆದ್ದಾರಿ ಬದಿಯಲ್ಲಿ ನಿಂತರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಚೀಲ ಹೇರಿಕೊಂಡು ಬರುವ ವಾಹನಗಳನ್ನು ಕಾಣಬಹುದು. ‘ಕೆಎ 44’ರ ಯಾವ ಗಾಡಿ ಯಾರದೆಂದು ನಮ್ಮವರಿಗೆ ಗೊತ್ತು. ಆದರೆ ಯಾರು ಯಾವಾಗ ಎಲ್ಲಿಗೆ ಹೋದರೆಂಬುದು ನಾಲ್ಕು ದಿನ ಕಳೆದರೆ ಮರೆತುಹೋಗುತ್ತದೆ. ನಂಬರ್ ಪ್ಲೇಟ್ ಓದುವ ಪೊಲೀಸ್ ಕ್ಯಾಮೆರಾಗಳಿಗೆ ಈ ಮರೆವು ಇಲ್ಲ. ನನ್ನ ಆತಂಕಕ್ಕೆ ಕಾರಣ ಇದೇ.

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ವೃತ್ತಗಳಲ್ಲಿ ಇಂತಹ 250 ಕ್ಯಾಮೆರಾಗಳು ಬಂದವು. 2024ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಅವು ದಂಡ ವಿಧಿಸಲು ನೆರವಾದವು. ನಾಳೆ ನಮ್ಮೂರಿಗೂ ಬಂದರೆ ಆಶ್ಚರ್ಯವಿಲ್ಲ. ಡಿಕ್ಕಿ ಹೊಡೆದು ಪರಾರಿಯಾಗುವ ಲಾರಿಯನ್ನು ಪತ್ತೆ ಹಚ್ಚಲು ಅವು ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಮೋಟಾರು ವಾಹನ ಕಾಯ್ದೆಯಡಿ 2021ರಲ್ಲಿ ಬಂದ 167ಎ ನಿಯಮವು ಕ್ಯಾಮೆರಾ ಇರುವೆಡೆ ಎಚ್ಚರಿಕೆ ಫಲಕ ಇರಬೇಕೆಂದೂ ಪ್ರಕರಣ ಇತ್ಯರ್ಥವಾಗುವವರೆಗೆ ದಾಖಲೆ ಕಾಯ್ದಿರಿಸಬೇಕೆಂದೂ ಹೇಳಿತು. ಇದು ತಪ್ಪು ಮಾಡಿದವರ ಮಾತಾಯಿತು. ಯಾವ ತಪ್ಪೂ ಮಾಡದೆ ಹಾದುಹೋದವರ ದಾಖಲೆ ಎಷ್ಟು ದಿನ ಉಳಿಯಬೇಕು, ಅದನ್ನು ಯಾರು ನೋಡಬಹುದು ಎಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ.

ಒಂದು ಚಿತ್ರದಿಂದ ಹಾನಿಯಿಲ್ಲ. ವರ್ಷದ ಚಿತ್ರಗಳನ್ನು ಜೋಡಿಸಿದರೆ ರೈತನೊಬ್ಬ ಯಾವ ಮಂಡಿಗೆ, ಯಾವ ಆಸ್ಪತ್ರೆಗೆ, ಯಾವ ವಕೀಲರ ಬಳಿಗೆ ಹೋದನೆಂಬುದು ಬಯಲಾಗುತ್ತದೆ; ಕೊಬ್ಬರಿ ಬೆಲೆಗಾಗಿ ನಡೆದ ಯಾವ ಧರಣಿಗೆ ಹೋದನೆಂಬುದೂ ಗುಟ್ಟಾಗಿ ಉಳಿಯದು.

ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದರಲ್ಲಿ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ, ಉದ್ದೇಶಕ್ಕೆ ತಕ್ಕ ಮಿತಿ ಮೂರೂ ಇರಬೇಕು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಅಪರಾಧ ತಡೆ ಹಾಗೂ ತನಿಖೆಗೆ ಬಳಸುವ ಮಾಹಿತಿಗೆ ತನ್ನ ಹಲವು ಕಟ್ಟುಪಾಡುಗಳಿಂದ ವಿನಾಯಿತಿ ನೀಡಿದೆ. ಬಾಗಿಲಿಗೆ ಬೀಗವಿದ್ದರೂ ಕಿಟಕಿ ತೆರೆದಿಟ್ಟಂತೆ.

ಮಿತಿ ಹಾಕುವುದು ಅಸಾಧ್ಯವೇನಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾನೂನಿನ ಪ್ರಕಾರ ಪೊಲೀಸರು ಹುಡುಕುತ್ತಿರುವ ವಾಹನವಲ್ಲದಿದ್ದರೆ ದಾಖಲೆಯನ್ನು 3 ನಿಮಿಷದಲ್ಲಿ ಅಳಿಸಬೇಕು. ನಮಗೆ ಅಷ್ಟು ಬಿಗಿ ಬೇಡವೆನ್ನುವುದಾದರೆ ದಿನಗಳ ಲೆಕ್ಕದಲ್ಲಾದರೂ ಗಡುವು ಇರಲಿ. ದಾಖಲೆ ತೆರೆದ ಅಧಿಕಾರಿಯ ಹೆಸರು, ಕಾರಣ ನಮೂದಾಗಲಿ. ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದೆ ಲೆಕ್ಕ ಬರಲಿ.

ಮಾರುಕಟ್ಟೆಯಲ್ಲಿ ತೂಕದ ಯಂತ್ರಕ್ಕೂ ಸರ್ಕಾರದ ಮುದ್ರೆ ಬೇಕು. ಜನರ ಓಡಾಟವನ್ನು ಅಳೆಯುವ ಯಂತ್ರಕ್ಕೆ ನಿಯಮ ಬೇಡವೇ? ಕ್ಯಾಮೆರಾ ಬರುವ ಮೊದಲೇ ಆ ನಿಯಮ ಬರಬೇಕು.