ಹೊಂದಾಣಿಕೆಯೇ ಹಾರಾಟದ ಬಲ

ಶರಣ ಬಂಧುಗಳ ಅನೇಕ ಮನೆಗಳಲ್ಲಿ ಇಂದು ಮಕ್ಕಳು ನಾಲ್ಕು ರೆಕ್ಕೆಯ ಡ್ರೋನನ್ನು ತಾವೇ ಕಟ್ಟಲು ಹಂಬಲಿಸುತ್ತಿರುವುದನ್ನು ನಾವು ಕಾಣುತ್ತೇವೆ. ಕೈಯಿಂದ ಕಲಿಯುವ ವಿದ್ಯೆಯೂ ಕಾಯಕವೇ, ಅದನ್ನು ತಡೆಯಬಾರದು. ಆದರೆ ಬಲವಾದ ಮೋಟಾರೊಂದಿದ್ದರೆ ಸಾಕೆಂಬ ಭಾವನೆ ಸರಿಯಲ್ಲ.

ಮೊದಲು ತೂಕವನ್ನು ಅರಿಯಬೇಕು. ಬ್ಯಾಟರಿಸಹಿತ ಯಂತ್ರವು 1,200 ಗ್ರಾಂ ತೂಗಿದರೆ, ಎತ್ತುವ ಶಕ್ತಿ ಅದರ ಇಮ್ಮಡಿ, ಅಂದರೆ 2,400 ಗ್ರಾಂ ಇರಬೇಕು. ಒಂದೊಂದು ಮೋಟಾರಿನ ಪಾಲು 600 ಗ್ರಾಂ. ಆಗ ಅರ್ಧ ಶಕ್ತಿಯಲ್ಲಿಯೇ ಅದು ಗಾಳಿಯಲ್ಲಿ ನಿಲ್ಲುವುದು; ಉಳಿದರ್ಧವು ಗಾಳಿಯ ಹೊಡೆತವನ್ನು ತಾಳಲು ಒದಗುವುದು.

450 ಮಿ.ಮೀ. ಚೌಕಟ್ಟಿಗೆ 10 ಅಂಗುಲದ ಪ್ರೊಪೆಲ್ಲರು, ಸುಮಾರು 920 ಕೆವಿ ಮೋಟಾರು, 3 ಕೋಶಗಳ 11.1 ವೋಲ್ಟ್ ಲಿಥಿಯಂ ಪಾಲಿಮರ್ ಬ್ಯಾಟರಿ ಹೊಂದುತ್ತವೆ. ಕೆವಿ ಎಂದರೆ ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ಮೋಟಾರು ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ. ಹೆಚ್ಚು ಕೆವಿಯ ಮೋಟಾರಿಗೆ ದೊಡ್ಡ ಪ್ರೊಪೆಲ್ಲರನ್ನು ಜೋಡಿಸಿದರೆ ವಿದ್ಯುತ್ತು ಮಿತಿಮೀರಿ ಹರಿದು ಮೋಟಾರು ಸುಟ್ಟೀತು.

ಮೋಟಾರುಗಳು ತಲಾ 12 ಆಂಪಿಯರ್ ಎಳೆದರೆ ಒಟ್ಟು 48 ಆಯಿತು. 2,200 ಮಿಲಿಆಂಪಿಯರ್-ಅವರ್, 25 ಸಿ ಎಂದು ಬರೆದ ಬ್ಯಾಟರಿಯ ಮಿತಿ 55, ಅದು ಸಾಕು. ಅಗ್ಗದ, ದುರ್ಬಲ ಬ್ಯಾಟರಿ ಉಬ್ಬಿ ಬೆಂಕಿ ಹೊತ್ತಿಕೊಳ್ಳಬಹುದು. ಆದುದರಿಂದ ಚಾರ್ಜಿಗಿಟ್ಟು ಮಲಗಬಾರದು. ಮೋಟಾರಿನ ಮೊದಲ ಪರೀಕ್ಷೆಯನ್ನು ಪ್ರೊಪೆಲ್ಲರು ಕಳಚಿಯೇ ಮಾಡಬೇಕು.

ಎರಡು ಪ್ರೊಪೆಲ್ಲರು ಬಲಕ್ಕೆ, ಎರಡು ಎಡಕ್ಕೆ ತಿರುಗುವುದರಿಂದಲೇ ಯಂತ್ರವು ಗಿರಕಿ ಹೊಡೆಯದೆ ಸ್ಥಿರವಾಗಿರುತ್ತದೆ. ಒಂದೇ ಅಂಗ ಮೆರೆದರೆ ಬೀಳುವುದು. ಎಲ್ಲವೂ ತಮ್ಮ ಪಾಲನ್ನು ಹೊತ್ತರೆ ಏಳುವುದು. ಮನೆತನದ ಬಾಳಿಗೂ ಈ ಮಾತು ಹೊರತಲ್ಲ.