ಕೆರೆಗೆ ಹೊರಗಿನ ಮೀನು ಬೇಡ

ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸತ್ತ ಬಣ್ಣದ ಮೀನುಗಳನ್ನು ಕೆರೆಗೆ ಬಿಡುವುದು ಪುಣ್ಯವೆಂದು ಕೆಲವರು ಎಣಿಸುವರು. ನಮ್ಮ ಮತದಲ್ಲಿ ಇದು ಊರಿಗೆ ಮಾಡುವ ಅಪಕಾರವು. ಸಾಣಾಪುರದ ಕೆರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಇಂತಹ ನೀರಿನಲ್ಲಿ ಬಿಟ್ಟ ಮೀನು ಒಂದೇ ಕಡೆ ನಿಲ್ಲದು. ಕಾಲುವೆ ಹರಿದಲ್ಲಿಗೆ ಅದೂ ಹೋಗಬಲ್ಲದು.

ಆಫ್ರಿಕಾದ ಮಲಾವಿ, ಟಾಂಗನ್ಯಿಕಾ, ವಿಕ್ಟೋರಿಯಾ ಸರೋವರಗಳಲ್ಲಿ ಸಿಕ್ಲಿಡ್ ಕುಲದ ಮೀನುಗಳು ನೂರಾರು ಬಗೆಯಾಗಿವೆ. ತೊಟ್ಟಿಗಳಲ್ಲಿ ಮೆರೆಯುವ ಅನೇಕ ಬಣ್ಣದ ಮೀನುಗಳು ಇವೇ. ಜಿಲೇಬಿ ಮೀನೆಂದು ಕರೆಯುವ ತಿಲಾಪಿಯಾ ಸಹ ಇದೇ ಕುಲದ್ದು. ಅದನ್ನು 1952ರಲ್ಲಿ ಭಾರತಕ್ಕೆ ತಂದರು. ಅದರ ಹೆಣ್ಣು ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಅವು ಬಹುಪಾಲು ಉಳಿಯುವುವು. ಎರಡು ಮೂರು ತಿಂಗಳಲ್ಲಿಯೇ ಪ್ರಾಯಕ್ಕೆ ಬಂದು ನಿಂತ ನೀರಿನಲ್ಲಿ ವರ್ಷಕ್ಕೆ ಹಲವು ಸಲ ಮರಿಮಾಡುವುದು. ಸಂಖ್ಯೆ ಹೆಚ್ಚಿದಷ್ಟೂ ಮೀನು ಗಿಡ್ಡಾಗುವುದು. ಕಾಟ್ಲಾ, ರೋಹುಗಳಾದರೋ ಕೆರೆಯಲ್ಲಿ ಮರಿಮಾಡವು. ಹಣ ಕೊಟ್ಟು ಮರಿ ತಂದು ಬಿಡಬೇಕು. ಅವುಗಳ ಮೇವನ್ನು ಜಿಲೇಬಿ ತಿಂದರೆ ನಷ್ಟವಾರಿಗೆ?

ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಮೀನನ್ನು ಹೊರಗಿನಿಂದ ತಂದು ಬಿಟ್ಟರು. ಅಲ್ಲಿಯ ಅನೇಕ ಸಿಕ್ಲಿಡ್ ಜಾತಿಗಳು ಅಳಿದುವು. ತಂದವರು ಮರಳಿ ಹಿಡಿಯಲಾರದೆ ಹೋದರು.

ತಿಲಾಪಿಯಾ ಕೆಟ್ಟ ಮೀನೆಂದು ನಾವು ಹೇಳುವುದಿಲ್ಲ. ಸರಕಾರದ ಅನುಮತಿ ಪಡೆದು, ಬೇಲಿಬಲೆ ಕಟ್ಟಿದ ಹೊಂಡದಲ್ಲಿ ಗಂಡು ಮೀನುಗಳನ್ನೇ ಸಾಕುವವರಿಗೆ ಅದರಿಂದ ಲಾಭವುಂಟು. ಹೊಂಡದ ಮೀನು ಹೊಂಡದಲ್ಲಿರಲಿ, ತೊಟ್ಟಿಯ ಮೀನು ಬೇಡವಾದರೆ ಅಂಗಡಿಗೆ ಮರಳಲಿ. ಊರಿನ ಹಿರಿಯರೂ ಭೂಮಾಲೀಕರೂ ಈ ಕಟ್ಟಳೆಯನ್ನು ಸಭೆಯಲ್ಲಿ ತಿಳಿಸಿ ನಡೆಸಬೇಕೆಂದು ನಮ್ಮ ವಿಜ್ಞಾಪನೆ.