‘ಸಂಪಾದಿಸಿ’ ಗುಂಡಿ ಯಾರಿಗೆ ಕಾಣಬೇಕು?

ವಿಕಿ ಜಾಲತಾಣವೊಂದನ್ನು ಹೊಸದಾಗಿ ಕಟ್ಟಲು ಹೊರಟವರಲ್ಲಿ ಬಹಳಷ್ಟು ಮಂದಿ ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶವನ್ನು ಇಳಿಸಿಕೊಳ್ಳುತ್ತಾರೆ. ವಿಕಿಪೀಡಿಯ ನಡೆಯುವುದೂ ಅದರ ಮೇಲೆಯೇ. ಅದನ್ನು ಸ್ಥಾಪಿಸುವಾಗ ಡೇಟಾಬೇಸಿನ ಹೆಸರು, ಪಾಸ್‌ವರ್ಡ್ ಇತ್ಯಾದಿ ಮುಗಿದ ಮೇಲೆ ಒಂದು ಪ್ರಶ್ನೆ ಎದುರಾಗುತ್ತದೆ: ಈ ತಾಣದ ಪುಟಗಳನ್ನು ಯಾರು ತಿದ್ದಬಹುದು? ಉತ್ತರಕ್ಕೆ ನಾಲ್ಕು ಆಯ್ಕೆಗಳಿವೆ. ಬಂದವರೆಲ್ಲ ತಿದ್ದಬಹುದು, ಖಾತೆ ತೆರೆದವರು ಮಾತ್ರ ತಿದ್ದಬಹುದು, ನಿರ್ವಾಹಕರು ಒಪ್ಪಿದವರು ಮಾತ್ರ ತಿದ್ದಬಹುದು, ಕೊನೆಯದಾಗಿ, ಹಾಗೆ ಒಪ್ಪಿದವರನ್ನು ಬಿಟ್ಟು ಉಳಿದವರಿಗೆ ಓದುವುದಕ್ಕೂ ಆಗದು. ಮೊದಲಿನಿಂದಲೇ ಗುರುತು ಬಿದ್ದಿರುವುದು ‘ಬಂದವರೆಲ್ಲ’ ಎಂಬ ಆಯ್ಕೆಗೆ. ಆದಷ್ಟು ಹೆಚ್ಚು ಜನರಿಗೆ ತಿದ್ದಲು ಬಿಟ್ಟರೆ ವಿಕಿ ಚೆನ್ನಾಗಿ ನಡೆಯುತ್ತದೆ ಎಂಬ ಕಿವಿಮಾತೂ ಪಕ್ಕದಲ್ಲೇ ಇರುತ್ತದೆ. ಅರೆ ನಿಮಿಷದಲ್ಲಿ ಮುಗಿಯುವ ಈ ತೀರ್ಮಾನವನ್ನು ಕಂಪ್ಯೂಟರ್ ಬಲ್ಲವರ ಪಾಲಿಗೆ ಬಿಟ್ಟು ಉಳಿದವರು ಸುಮ್ಮನಿರುವುದು ರೂಢಿ. ಹಾಗೆ ಬಿಡಬಾರದು ಎಂಬುದು ನನ್ನ ವಾದ. ಕನ್ನಡದಂಥ, ಬರೆಯುವ ಕೈಗಳು ಕಡಿಮೆ ಇರುವ ಭಾಷೆಯ ವಿಕಿಗಳು ಬಾಗಿಲನ್ನು ಎಲ್ಲರಿಗೂ ತೆರೆದೇ ಇಡಬೇಕು. ಬೀಗ ಬೇಕೆನಿಸಿದಾಗ ಒಂದೊಂದೇ ಪುಟಕ್ಕೆ, ಕಾರಣ ಬರೆದು, ಗಡುವು ಇಟ್ಟು ಹಾಕಬೇಕು.

ಮೊದಲ ವಿಕಿಯನ್ನು ವಾರ್ಡ್ ಕನಿಂಗ್‌ಹ್ಯಾಮ್ 1995ರ ಮಾರ್ಚ್‌ನಲ್ಲಿ ಅಂತರಜಾಲಕ್ಕೆ ಏರಿಸಿದಾಗ ಯಾರು ಬೇಕಾದರೂ ಯಾವ ಪುಟವನ್ನಾದರೂ ತಿದ್ದಬಹುದಿತ್ತು. ಆ ಉದಾರತೆ ಎಷ್ಟು ವ್ಯಾವಹಾರಿಕವಾದುದು ಎಂಬುದು ಐದಾರು ವರ್ಷಗಳಲ್ಲೇ ಸಾಬೀತಾಯಿತು. ಜಿಮ್ಮಿ ವೇಲ್ಸ್ 2000ದಲ್ಲಿ ಆರಂಭಿಸಿದ ನ್ಯೂಪೀಡಿಯ ಎಂಬ ವಿಶ್ವಕೋಶಕ್ಕೆ ಲ್ಯಾರಿ ಸ್ಯಾಂಗರ್ ಪ್ರಧಾನ ಸಂಪಾದಕರು. ಅಲ್ಲಿ ಪ್ರತಿಯೊಂದು ಲೇಖನವೂ ಏಳು ಹಂತಗಳ ತಜ್ಞ ಪರಿಶೀಲನೆಯನ್ನು ದಾಟಬೇಕಿತ್ತು. ಆ ಯೋಜನೆ 2003ರಲ್ಲಿ ನಿಂತುಹೋದಾಗ ಎಲ್ಲ ಹಂತ ದಾಟಿ ಬಂದ ಲೇಖನಗಳು ಮೂವತ್ತನ್ನೂ ಮುಟ್ಟಿರಲಿಲ್ಲ. ಅದಕ್ಕೆ ಪೂರಕವಾಗಿ 2001ರ ಜನವರಿಯಲ್ಲಿ ಶುರುವಾದ ವಿಕಿಪೀಡಿಯ ಮೊದಲ ವರ್ಷವೇ ಸಾವಿರಾರು ಲೇಖನಗಳನ್ನು ಕಂಡಿತು. ಆರಂಭಿಸಿದವರು ಹಿಂದಿನವರೇ, ಗುರಿಯೂ ಒಂದೇ. ಬದಲಾಗಿದ್ದು ತಿದ್ದುವ ಹಕ್ಕನ್ನು ಹಂಚಿದ ರೀತಿ. ಹಾಳುಗೆಡಹುವವರ ಭಯ ಆಗಲೂ ಇತ್ತು. ಆದರೆ ವಿಕಿಯಲ್ಲಿ ಪ್ರತಿ ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ಉಳಿಯುತ್ತದೆ, ಹಿಂದಿನ ಆವೃತ್ತಿಗೆ ಮರಳುವುದು ಒಂದೆರಡು ಕ್ಲಿಕ್ಕಿನ ಕೆಲಸ. ಕೆಡಿಸುವುದಕ್ಕಿಂತ ಸರಿಪಡಿಸುವುದು ಸುಲಭವಾಗಿರುವುದರಿಂದಲೇ ಈ ಏರ್ಪಾಡು ಬಾಳಿದೆ.

ಇಷ್ಟಾಗಿಯೂ ವಿಕಿ ನಡೆಸುವವರ ಕೈ ಬೀಗದ ಕಡೆಗೇ ಹೋಗುವುದೇಕೆ? ನನಗೆ ತೋರುವ ಕಾರಣ ಇದು: ಮುಕ್ತತೆಯ ನಷ್ಟ ಕಣ್ಣಿಗೆ ಕಾಣುತ್ತದೆ, ನಿರ್ಬಂಧದ ನಷ್ಟ ಕಾಣುವುದಿಲ್ಲ. ಯಾರೋ ಒಬ್ಬ ಲೇಖನದ ನಡುವೆ ಬೈಗುಳ ಬರೆದರೆ ಅದು ಇತಿಹಾಸದಲ್ಲಿ ದಿನಾಂಕ, ಗಂಟೆ, ನಿಮಿಷದೊಂದಿಗೆ ದಾಖಲಾಗುತ್ತದೆ. ಅದನ್ನು ಅಳಿಸಿದ ಸ್ವಯಂಸೇವಕರ ಬೇಸರವೂ ಚರ್ಚೆಯಲ್ಲಿ ದಾಖಲಾಗುತ್ತದೆ. ಆದರೆ ತಮ್ಮೂರಿನ ಕೆರೆಯ ಹೆಸರು ತಪ್ಪಾಗಿರುವುದನ್ನು ಕಂಡು ತಿದ್ದಲು ಹೋದವರೊಬ್ಬರು, ‘ಸಂಪಾದಿಸಿ’ ಎಂಬುದರ ಜಾಗದಲ್ಲಿ ‘ಮೂಲವನ್ನು ನೋಡಿ’ ಎಂದಿರುವುದನ್ನು ಕಂಡು ಪುಟ ಮುಚ್ಚಿ ಹೋದರೆ ಅದು ಎಲ್ಲಿಯೂ ದಾಖಲಾಗುವುದಿಲ್ಲ. ಬಾರದೆ ಹೋದ ತಿದ್ದುಪಡಿಗೆ ಇತಿಹಾಸವಿಲ್ಲ. ಹೀಗಾಗಿ ತೀರ್ಮಾನ ಮಾಡುವವರ ಮುಂದಿರುವ ಪುರಾವೆಯೇ ಒಂದು ಕಡೆಗೆ ವಾಲಿರುತ್ತದೆ.

ಕಾಣದ ಆ ನಷ್ಟವನ್ನು ಅಳೆದವರಿದ್ದಾರೆ. ಬೆಂಜಮಿನ್ ಮಾಕೊ ಹಿಲ್ ಮತ್ತು ಆರನ್ ಶಾ ಎಂಬ ಇಬ್ಬರು ಸಂಶೋಧಕರು, ಮೊದಲು ಎಲ್ಲರಿಗೂ ತೆರೆದಿದ್ದು ನಂತರ ಖಾತೆಯನ್ನು ಕಡ್ಡಾಯ ಮಾಡಿದ 136 ವಿಕಿಗಳನ್ನು ಅಧ್ಯಯನ ಮಾಡಿದರು. ಹೊಸ ಖಾತೆಗಳ ಸಂಖ್ಯೆ ಸ್ವಲ್ಪ ಏರಿತು, ಕಳಪೆ ತಿದ್ದುಪಡಿಗಳು ತಗ್ಗಿದವು. ಅಷ್ಟರಮಟ್ಟಿಗೆ ನಿರ್ಬಂಧ ಹಾಕಿದವರ ಲೆಕ್ಕ ಸರಿಯೇ. ಆದರೆ ಜೊತೆಗೆ ಒಳ್ಳೆಯ ತಿದ್ದುಪಡಿಗಳೂ ತಗ್ಗಿದವು, ಮತ್ತು ಹೀಗೆ ತಪ್ಪಿಹೋದ ಒಟ್ಟು ತಿದ್ದುಪಡಿಗಳಲ್ಲಿ ಬಹುಪಾಲು ಒಳ್ಳೆಯವೇ ಆಗಿದ್ದವು. ಮೊದಲೇ ಖಾತೆ ಇದ್ದವರ ಕೊಡುಗೆ ಕೂಡ ಇಳಿಯಿತು ಎಂಬುದು ಇನ್ನೂ ಯೋಚಿಸಬೇಕಾದ ಸಂಗತಿ. ಹೊಸಬರು ಮಾಡುವ ಸಣ್ಣಪುಟ್ಟ ತಿದ್ದುಪಡಿಗಳೇ ಹಳಬರನ್ನು ಪುಟಕ್ಕೆ ಮರಳಿ ಕರೆಯುತ್ತವೆ. ಆ ಓಡಾಟ ನಿಂತರೆ ಹಳಬರೂ ಬರುವುದನ್ನು ಕಡಿಮೆ ಮಾಡುತ್ತಾರೆ ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ.

ಇದಕ್ಕೆ ಬಲವಾದ ಆಕ್ಷೇಪವಿದೆ. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರನ್ನು ಕೆನಡಿ ಸಹೋದರರ ಹತ್ಯೆಗಳೊಂದಿಗೆ ತಳಕು ಹಾಕುವ ಸುಳ್ಳೊಂದನ್ನು 2005ರ ಮೇ ತಿಂಗಳಲ್ಲಿ ಯಾರೋ ಇಂಗ್ಲಿಷ್ ವಿಕಿಪೀಡಿಯಕ್ಕೆ ಸೇರಿಸಿದರು. ನಾಲ್ಕು ತಿಂಗಳು ಅದನ್ನು ಯಾರೂ ಗಮನಿಸಲಿಲ್ಲ. ಬದುಕಿರುವ ಒಬ್ಬ ಮನುಷ್ಯನ ಮಾನದ ಪ್ರಶ್ನೆ ಬಂದಾಗ ‘ಇತಿಹಾಸದಿಂದ ಹಿಂದಿನದಕ್ಕೆ ಮರಳಬಹುದು’ ಎಂಬ ಸಮಾಧಾನ ಸಾಲದು. ಆ ನಾಲ್ಕು ತಿಂಗಳು ಓದಿದವರ ಮನಸ್ಸಿನಿಂದ ಅದನ್ನು ಅಳಿಸಲಾಗದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೆ ಉತ್ತರವಾಗಿ ಏನು ಮಾಡಲಾಯಿತು ಎಂಬುದನ್ನೂ ನೋಡಬೇಕು. ಆ ವರ್ಷದ ಡಿಸೆಂಬರ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯ ಖಾತೆಯಿಲ್ಲದವರು ಹೊಸ ಲೇಖನ ಸೃಷ್ಟಿಸುವುದನ್ನು ನಿಲ್ಲಿಸಿತು. ಇರುವ ಲೇಖನಗಳನ್ನು ತಿದ್ದುವುದನ್ನು ನಿಲ್ಲಿಸಲಿಲ್ಲ. ಅದೇ ಹೊತ್ತಿಗೆ ‘ಅರೆ ಸಂರಕ್ಷಣೆ’ ಬಂತು: ದಾಳಿಗೆ ಸಿಕ್ಕ ಪುಟವನ್ನು ಮಾತ್ರ ಹೊಸ ಖಾತೆಗಳಿಂದ, ಖಾತೆಯಿಲ್ಲದವರಿಂದ ಕಾಯುವುದು. ನಾಲ್ಕು ದಿನ ಹಳೆಯದಾದ, ಹತ್ತು ತಿದ್ದುಪಡಿ ಮಾಡಿದ ಖಾತೆಗೆ ಅಲ್ಲಿ ಆ ತಡೆ ತಾನಾಗಿಯೇ ಕಳಚಿಕೊಳ್ಳುತ್ತದೆ. ತೀರಾ ವಿವಾದದ ವಿಷಯಗಳಿಗೆ ಮುಂದೆ, 2016ರಲ್ಲಿ, ಮೂವತ್ತು ದಿನ ಮತ್ತು ಐನೂರು ತಿದ್ದುಪಡಿಗಳ ಇನ್ನೊಂದು ಮೆಟ್ಟಿಲು ಸೇರಿತು. ಜರ್ಮನ್ ವಿಕಿಪೀಡಿಯದವರು 2008ರಲ್ಲಿ ಬೇರೆ ದಾರಿ ಹಿಡಿದರು. ಯಾರು ಬೇಕಾದರೂ ತಿದ್ದಲಿ, ಆದರೆ ಅನುಭವಿಯೊಬ್ಬರು ಕಣ್ಣಾಡಿಸುವವರೆಗೆ ಓದುಗರಿಗೆ ಹಳೆಯ ಆವೃತ್ತಿಯೇ ಕಾಣಲಿ ಎಂದರು. ಪರಿಶೀಲಿಸುವವರು ಸಾಕಷ್ಟಿದ್ದರೆ ಇದು ನ್ಯಾಯವಾದ ಏರ್ಪಾಡು. ಇಲ್ಲದಿದ್ದರೆ ಕಾಯುವ ಸಾಲು ಬೆಳೆದು ಹೊಸಬರ ಉತ್ಸಾಹ ಅಲ್ಲೇ ಆರುತ್ತದೆ. ಒಟ್ಟಾರೆ, ಮುಕ್ತ ಮತ್ತು ಬಂದ್ ಎಂಬ ಎರಡರ ನಡುವೆ ತಂತ್ರಾಂಶ ಹಲವು ಮೆಟ್ಟಿಲುಗಳನ್ನು ಕೊಟ್ಟಿದೆ. ಒಂದು ಪುಟದ ಕಾಯಿಲೆಗೆ ಇಡೀ ತಾಣಕ್ಕೆ ಮದ್ದು ಹಾಕುವ ಅಗತ್ಯ ಬಹಳ ಅಪರೂಪ.

ನನ್ನ ವಾದಕ್ಕೆ ವಿರುದ್ಧವಾಗಿ ಕಾಣುವ ಎರಡು ಸಂಗತಿಗಳನ್ನು ಮುಚ್ಚಿಡಬಾರದು. ಪೋರ್ಚುಗೀಸ್ ವಿಕಿಪೀಡಿಯ 2020ರಲ್ಲಿ, ಸಮುದಾಯದ ಮತದಾನದ ನಂತರ, ಲೇಖನಗಳನ್ನು ತಿದ್ದಲು ಖಾತೆ ಕಡ್ಡಾಯ ಮಾಡಿತು. ಕಿಡಿಗೇಡಿ ಬರಹವನ್ನು ಅಳಿಸುವ ದುಡಿಮೆ ಅಲ್ಲಿ ಕಡಿಮೆಯಾಯಿತು. ಇಂಗ್ಲಿಷ್ ವಿಕಿಪೀಡಿಯ ತೀರಾ ಹೊಸ ಖಾತೆಗಳು ನೇರವಾಗಿ ಲೇಖನ ಸೃಷ್ಟಿಸದಂತೆ 2017ರ ಸೆಪ್ಟೆಂಬರ್‌ನಿಂದ ಆರು ತಿಂಗಳು ಪ್ರಯೋಗ ನಡೆಸಿ, ಫಲಿತಾಂಶ ನೋಡಿ 2018ರಲ್ಲಿ ಅದನ್ನು ಖಾಯಂ ಮಾಡಿತು. ಎರಡೂ ಕಡೆ ದುಡಿಯುವವರ ಹೊರೆ ಇಳಿದಿದ್ದು ನಿಜ. ಆದರೆ ಎರಡೂ ಬೃಹತ್ ಸಮುದಾಯಗಳು. ಹತ್ತು ಜನ ಹಿಂದಿರುಗಿ ಹೋದರೂ ಇನ್ನು ಹತ್ತು ಜನ ಬರುವ ಭರವಸೆ ಅವಕ್ಕಿದೆ. ಅವರು ತೀರ್ಮಾನಕ್ಕೆ ಬಂದ ಬಗೆಯನ್ನೂ ಗಮನಿಸಬೇಕು: ಬಹಿರಂಗ ಚರ್ಚೆ, ಮತ, ಗಡುವಿನ ಪ್ರಯೋಗ, ಅಂಕಿಅಂಶ. ಸಣ್ಣ ವಿಕಿಗಳು ಅವರಿಂದ ಫಲಿತಾಂಶವನ್ನಷ್ಟೇ ಎರವಲು ಪಡೆದು ವಿಧಾನವನ್ನು ಬಿಟ್ಟುಬಿಟ್ಟರೆ ಕಲಿತಂತೆ ಆಗುವುದಿಲ್ಲ.

‘ಸಣ್ಣ ವಿಕಿಗೆ ಕಾವಲುಗಾರರೇ ಇಲ್ಲ, ಆದ್ದರಿಂದಲೇ ಬೀಗ ಬೇಕು’ ಎನ್ನುವವರಿಗೆ ನಾನು ಎರಡು ಸಣ್ಣ ಭಾಷೆಗಳ ವಿಕಿಪೀಡಿಯವನ್ನು ತೋರಿಸುತ್ತೇನೆ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆಯೇ ಸರಿಯಾಗಿ ಬಾರದ ಒಬ್ಬ ಅಮೆರಿಕನ್ ಹರೆಯದವನು ವರ್ಷಗಟ್ಟಲೆ ಸಾವಿರಾರು ಲೇಖನಗಳನ್ನು ಬರೆದದ್ದು 2020ರಲ್ಲಿ ಬಯಲಾಯಿತು. ಅವನು ಹೊರಗಿನಿಂದ ನುಗ್ಗಿದವನಾಗಿರಲಿಲ್ಲ, ಅಲ್ಲಿನ ನಿರ್ವಾಹಕನೇ ಆಗಿದ್ದ. ಕೆಟ್ಟ ಉದ್ದೇಶವೂ ಅವನಿಗಿರಲಿಲ್ಲ. ತಿದ್ದಿ ಹೇಳಬಲ್ಲ ಸ್ಕಾಟ್ಸ್ ಭಾಷಿಕರು ಅಲ್ಲಿಗೆ ಬಂದಿರಲಿಲ್ಲ, ಅಷ್ಟೆ. ಕ್ರೊಯೇಷಿಯನ್ ವಿಕಿಪೀಡಿಯದ ಕತೆ ಇನ್ನೂ ಗಂಭೀರ. ನಿರ್ವಾಹಕರ ಒಂದು ಗುಂಪು ಸುಮಾರು ಒಂದು ದಶಕ ಆ ತಾಣವನ್ನು ಹಿಡಿತದಲ್ಲಿಟ್ಟುಕೊಂಡು, ಯಾಸೆನೋವಾಟ್ಸ್ ಯಾತನಾ ಶಿಬಿರದಂಥ ವಿಷಯಗಳಲ್ಲಿ ಇತಿಹಾಸವನ್ನೇ ತಿರುಚಿತು, ಪ್ರಶ್ನಿಸಿದವರನ್ನು ಹೊರಗಟ್ಟಿತು. ವಿಕಿಮೀಡಿಯ ಪ್ರತಿಷ್ಠಾನವೇ 2021ರಲ್ಲಿ ಈ ಬಗ್ಗೆ ವರದಿ ಪ್ರಕಟಿಸಿತು. ಸಣ್ಣ ವಿಕಿಗೆ ಅತಿ ದೊಡ್ಡ ಅಪಾಯ ದಾರಿಹೋಕನಿಂದ ಬರುವುದಿಲ್ಲ. ಕೀಲಿಕೈ ಕೆಲವರ ಬಳಿ ಮಾತ್ರ ಉಳಿದಾಗ ಬರುತ್ತದೆ. ಪುಟ ಸಂರಕ್ಷಿಸುವ, ಬಳಕೆದಾರರನ್ನು ತಡೆಯುವ ಅಧಿಕಾರವನ್ನು ಹಿಗ್ಗಿಸಿದಷ್ಟೂ ಆ ಅಪಾಯ ಹಿಗ್ಗುತ್ತದೆ.

ಕನ್ನಡದ ಸ್ಥಿತಿ ಇದಕ್ಕೆ ದೂರದ್ದಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟದ್ದರಿಂದ ಅದಕ್ಕೆ ದೊಡ್ಡ ಬಲ ಬಂತು. 2016ರಿಂದ ತುಳು ವಿಕಿಪೀಡಿಯವೂ ಕನ್ನಡ ಲಿಪಿಯಲ್ಲಿ ನಡೆಯುತ್ತಿದೆ. ಶಿಕ್ಷಕರಿಗಾಗಿ ರೂಪಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ನಿಂತಿರುವುದೂ ಮೀಡಿಯಾವಿಕಿಯ ಮೇಲೆ. ಇವುಗಳಿಗೆ ದಿನವೂ ದುಡಿಯುವವರು ಬೆರಳೆಣಿಕೆಯ ಜನ, ಆದರೆ ತಿದ್ದಬೇಕಾದ ಸಂಗತಿಗಳು ನಾಡಿನ ಉದ್ದಗಲಕ್ಕೂ ಹರಡಿವೆ. 2021ರಲ್ಲಿ ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದಾಗ ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ತಾಲ್ಲೂಕುಗಳ ಊರು, ದೇವಸ್ಥಾನ, ಜಾತ್ರೆಗಳ ಪುಟಗಳಲ್ಲೆಲ್ಲ ಜಿಲ್ಲೆಯ ಹೆಸರು ಹಳೆಯದಾಯಿತು. ಹರಪನಹಳ್ಳಿಯಂತೂ ಅದಕ್ಕೆ ಕೆಲವೇ ವರ್ಷ ಮೊದಲು ದಾವಣಗೆರೆಯಿಂದ ಬಳ್ಳಾರಿಗೆ ಬಂದಿತ್ತು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕುಳಿತ ನಾಲ್ಕೈದು ನಿರ್ವಾಹಕರು ಇದನ್ನೆಲ್ಲ ಹುಡುಕಿ ತಿದ್ದಲಾರರು. ಕೊಟ್ಟೂರಿನ ಓದುಗರೊಬ್ಬರು ಮೊಬೈಲಿನಲ್ಲಿ ತಮ್ಮೂರಿನ ಪುಟ ತೆರೆದಾಗ ಒಂದು ಪದ ಬದಲಿಸಿ ಹೋಗಬಲ್ಲರು. ಅವರಿಗೆ ಖಾತೆ, ಇಮೇಲ್, ದೃಢೀಕರಣ ಎಂದು ಮೂರು ಹೆಜ್ಜೆ ಹಾಕಿಸಿದರೆ ಆ ಒಂದು ಪದ ನಮಗೆ ಸಿಗುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವುದೇ ಹಲವರಿಗೆ ಈಗಲೂ ಒಂದು ತೊಡಕು. ಅದರ ಮೇಲೆ ಇನ್ನೊಂದನ್ನು ಏಕೆ ಪೇರಿಸಬೇಕು?

ಐಪಿ ವಿಳಾಸಗಳನ್ನು ತಡೆಯುವ ವಿಚಾರದಲ್ಲೂ ಇದೇ ಎಚ್ಚರ ಬೇಕು. ನಮ್ಮ ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ. ಒಬ್ಬ ಕಿಡಿಗೇಡಿಗೆಂದು ಹಾಕಿದ ತಡೆ ಅವನಿಗೆ ಸಂಬಂಧವೇ ಇಲ್ಲದವರಿಗೂ ಬೀಳುತ್ತದೆ. ಸ್ಪ್ಯಾಮ್ ಬಾಟ್‌ಗಳ ಕಾಟ ನಿಜವಾದದ್ದು, ಸ್ವಂತ ವಿಕಿ ಇಟ್ಟವರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಅದಕ್ಕೆ ಮನುಷ್ಯರನ್ನು ಹೊರಗಿಡದ ಉಪಾಯಗಳಿವೆ. ಉಳಿಸುವ ಮುನ್ನ ತಾಣದವರೇ ಆರಿಸಿದ ಒಂದು ಪ್ರಶ್ನೆಯನ್ನು ಕೇಳುವ ಸೌಲಭ್ಯ ಮೀಡಿಯಾವಿಕಿಯ ವಿಸ್ತರಣೆಯಲ್ಲಿದೆ. ಹತ್ತನೆಯ ತರಗತಿ ಓದಿದ ಯಾರಾದರೂ ಉತ್ತರಿಸಬಲ್ಲ ಒಂದು ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ, ಆಗಾಗ ಬದಲಿಸುತ್ತಿದ್ದರೆ, ಜಗತ್ತಿನ ಸಿಕ್ಕಸಿಕ್ಕ ತಾಣಗಳ ಮೇಲೆ ಒಂದೇ ಅಚ್ಚಿನ ಜಾಹೀರಾತು ಸುರಿಯುವ ಬಾಟ್‌ಗಳಲ್ಲಿ ಹೆಚ್ಚಿನವು ಅಲ್ಲೇ ನಿಲ್ಲುತ್ತವೆ. ಹೊಸಬರು ಹೊರಗಿನ ಕೊಂಡಿಗಳನ್ನು ಸಾಲುಸಾಲಾಗಿ ಸೇರಿಸಿದರೆ ಮಾತ್ರ ತಡೆಯುವ ಫಿಲ್ಟರುಗಳನ್ನೂ ಬರೆಯಬಹುದು. ಇವೆಲ್ಲ ದುಷ್ಟ ಕೆಲಸವನ್ನು ಗುರುತಿಸಿ ತಡೆಯುತ್ತವೆ. ಖಾತೆ ಕಡ್ಡಾಯವೆಂಬ ನಿಯಮ ಅಪರಿಚಿತರೆಲ್ಲರನ್ನೂ ಒಟ್ಟಿಗೆ ತಡೆಯುತ್ತದೆ.

ಮುಖಪುಟ, ಸಾವಿರಾರು ಲೇಖನಗಳಲ್ಲಿ ಬಳಕೆಯಾಗುವ ಟೆಂಪ್ಲೇಟುಗಳು, ಚುನಾವಣೆಯ ಹೊತ್ತಿನ ರಾಜಕಾರಣಿಗಳ ಪುಟಗಳು, ಗಡಿ ಮತ್ತು ನದಿ ನೀರಿನ ವಿವಾದ ಕಾವೇರಿದ ದಿನಗಳ ಪುಟಗಳು — ಇವಕ್ಕೆ ಸಂರಕ್ಷಣೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಕೇಳುವುದು ಒಂದು ಶಿಸ್ತನ್ನು. ಪುಟವನ್ನು ಸಂರಕ್ಷಿಸುವ ಫಾರಂನಲ್ಲಿ ಕಾರಣ ಬರೆಯಲು ಒಂದು ಖಾನೆ ಇದೆ, ಅವಧಿ ತಿಳಿಸಲು ಇನ್ನೊಂದಿದೆ. ಅವಧಿಯ ಖಾನೆಯಲ್ಲಿ ‘ಅನಿರ್ದಿಷ್ಟ’ ಎಂದು ಬಿಡುವುದು ಅತಿ ಸುಲಭ, ಬಿಟ್ಟ ಮೇಲೆ ಮರೆಯುವುದು ಇನ್ನೂ ಸುಲಭ. ಒಂದು ವಾರದ ಜಗಳಕ್ಕೆ ಹಾಕಿದ ಬೀಗ ವರ್ಷಗಟ್ಟಲೆ ಹಾಗೇ ಉಳಿಯುವುದು ಹೀಗೆಯೇ. ಟೆಂಪ್ಲೇಟು, ಮುಖಪುಟಗಳನ್ನು ಬಿಟ್ಟು ಉಳಿದೆಲ್ಲಕ್ಕೂ ದಿನಾಂಕ ಕಡ್ಡಾಯವಾಗಲಿ. ಸಂರಕ್ಷಿತ ಪುಟಗಳ ಪಟ್ಟಿಯನ್ನು ತಂತ್ರಾಂಶ ತಾನೇ ತಯಾರಿಸಿ ಎಲ್ಲರಿಗೂ ತೋರಿಸುತ್ತದೆ. ಕನ್ನಡ ವಿಕಿಪೀಡಿಯದ ‘ಅರಳಿ ಕಟ್ಟೆ’ ಎಂಬ ಚರ್ಚಾಪುಟದಲ್ಲಿ ಆರು ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಮುಂದಿಟ್ಟು, ಒಂದೊಂದು ಪುಟಕ್ಕೂ ಬೀಗ ಇನ್ನೂ ಏಕೆ ಬೇಕು ಎಂದು ಅದನ್ನು ಹಾಕಿದವರನ್ನೇ ಕೇಳುವ ಪದ್ಧತಿ ಬರಲಿ.